ಮುಪ್ಪಡರಿದ ಹರೆಯದ ಹೆಸರುಗಳು: ಪರಭಾಷೆಗಳಲ್ಲಿ ಕೆಲವು ಜರ್ಮನ್ ಶಬ್ದಗಳ ವಿಚಾರ

ಶೈಶವಕ್ಕೂ ವಾರ್ಧಕ್ಯಕ್ಕೂ ಎಲ್ಲ ಭಾಷೆಗಳಲ್ಲಿಯೂ ತಮ್ಮವೇ ಆದ ಹಳೆಯ ಹೆಸರುಗಳಿರುವುದು ಸಾಮಾನ್ಯವಾದರೂ, ಬಾಲ್ಯವು ಕಳೆದು ಯೌವನವು ಇನ್ನೂ ನೆಲೆಗೊಳ್ಳದಿರುವ ಆ ನಾಲ್ಕಾರು ವರ್ಷಗಳಿಗೆ ಮಾತ್ರ ಜನರು ಪದೇ ಪದೇ ಹೊಸ ಹೆಸರನ್ನು ಹುಡುಕುತ್ತಲೂ, ಹಳೆಯದನ್ನು ಬಿಸುಡುತ್ತಲೂ, ಕೈಗೆ ಸಿಕ್ಕದಿದ್ದಾಗ ನೆರೆಯವರಿಂದ ಎರವು ತರುತ್ತಲೂ ಬಂದಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಇಪ್ಪತ್ತನೆಯದರ ಪೂರ್ವಾರ್ಧದಲ್ಲಿಯೂ ಯೂರೋಪಿನ ಬಹುಭಾಗಕ್ಕೆ, ಅಷ್ಟೇ ಏಕೆ, ದೂರದ ಜಪಾನಿಗೂ ಈ ಎರವನ್ನು ಒದಗಿಸಿದ ಭಾಷೆ ಜರ್ಮನ್. ಹಂಗೇರಿಯವರ ‘ಬಕ್‌ಫಿಶ್’, ಡಚ್ಚರ ‘ಬಾಕ್‌ವಿಸ್’, ಸೆರ್ಬಿಯದ ವೊಯ್ವೊದಿನ ಪ್ರಾಂತದ ‘ಫ್ರಾಯ್ಲ’, ಸ್ಲೊವಾಕರ ‘ಫ್ರಾಯೆರ್’, ರಷ್ಯನ್ನರ ‘ಬುರ್ಶ್’, ಜಪಾನೀ ವಿದ್ಯಾರ್ಥಿಗಳ ‘ಮೆಚ್ಚೆನ್’ ಇವೆಲ್ಲವೂ ಒಂದು ಕಾಲಕ್ಕೆ ಹರೆಯದವರ ನಡುವೆಯೂ ಹರೆಯದವರನ್ನು ಕುರಿತೂ ಲವಲವಿಕೆಯಿಂದ ಸಂಚರಿಸಿದ ಮಾತುಗಳು. ಇಂದು ಅವುಗಳಲ್ಲಿ ಹೆಚ್ಚಿನವನ್ನು ಅಜ್ಜಿಯರ ಬಾಯಲ್ಲಿ, ಹಳೆಯ ಕಾದಂಬರಿಗಳಲ್ಲಿ, ಇಲ್ಲವೆ ವಿನೋದಕ್ಕಾಗಿ ಬೇಕೆಂದೇ ಹಳೆಯ ಧಾಟಿಯನ್ನು ಹಿಡಿದವರ ಬರಹಗಳಲ್ಲಿ ಕಾಣಬೇಕು. ಈ ಶಬ್ದಗಳು ಮನೆ ಬಿಟ್ಟು ಹೊರಟುದೇಕೆ, ಹೋದೆಡೆಯಲ್ಲಿ ನೆಲೆಸಿದುದು ಹೇಗೆ, ಹರೆಯವನ್ನೇ ಹೆಸರಿಸುವ ಮಾತು ಇಷ್ಟು ಬೇಗನೆ ಮುದಿಯಾದುದು ಯಾವ ಕಾರಣದಿಂದ ಎಂಬ ಮೂರು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ.

ವಿಚಾರದ ಪೂರ್ವೇತಿಹಾಸ

ತರುಣರ ಮಾತನ್ನು ವಿದ್ವಾಂಸರು ಗಂಭೀರವಾದ ವ್ಯಾಸಂಗಕ್ಕೆ ಅರ್ಹವೆಂದು ಭಾವಿಸಿದ್ದು ತೀರ ಹಳೆಯ ಸಂಗತಿಯಲ್ಲ. ಜರ್ಮನ್ ಭಾಷೆಯ ನಿರುಕ್ತಕೋಶದಿಂದ ಪ್ರಸಿದ್ಧನಾದ ಫ್ರೀಡ್ರಿಕ್ ಕ್ಲೂಗೆ 1895ರಲ್ಲಿ ಜರ್ಮನ್ ವಿದ್ಯಾರ್ಥಿಗಳ ಭಾಷೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿ, ಪಂಡಿತರು ಗ್ರಾಮ್ಯವೆಂದು ಮೂಗು ಮುರಿಯುತ್ತಿದ್ದ ಪದಗಳಿಗೂ ಶತಮಾನಗಳ ವಂಶಾವಳಿಯುಂಟೆಂಬುದನ್ನು ತೋರಿಸಿಕೊಟ್ಟನು. ಅದಕ್ಕೂ ಹನ್ನೊಂದು ವರ್ಷ ಮುಂಚೆಯೇ ಗ್ರಾಟ್ಸ್ ನಗರದ ಹೂಗೋ ಶೂಖಾರ್ಟ್ ಎಂಬಾತನು ಸ್ಲಾವ್ ಭಾಷೆಗಳೂ ಜರ್ಮನ್ನೂ ಇಟಾಲಿಯನ್ನೂ ಆಸ್ಟ್ರಿಯದ ಸಾಮ್ರಾಜ್ಯದಲ್ಲಿ ಪರಸ್ಪರ ಬೆರೆತ ಬಗೆಯನ್ನು ವಿವರಿಸಿ, ಬೆರಕೆಯಿಲ್ಲದ ಭಾಷೆಯೇ ಇಲ್ಲವೆಂಬ ತನ್ನ ನಿಲವನ್ನು ಸ್ಥಾಪಿಸಲು ಯತ್ನಿಸಿದ್ದನು. ಅಲ್ಲಿಂದ ಮುಂದೆ ಅಮೆರಿಕದ ಲೆನರ್ಡ್ ಬ್ಲೂಮ್‌ಫೀಲ್ಡನು 1933ರಲ್ಲಿ ಭಾಷೆಭಾಷೆಗಳ ನಡುವಣ ಎರವನ್ನು ಎರಡು ಬಗೆಯಾಗಿ ವಿಂಗಡಿಸಿದನು: ಹೊಸ ವಸ್ತುಗಳೊಡನೆಯೂ ಆಚಾರಗಳೊಡನೆಯೂ ಬರುವ ಸಾಂಸ್ಕೃತಿಕ ಎರವು ಒಂದು, ಒಂದೇ ನೆಲದಲ್ಲಿ ಎರಡು ಭಾಷೆಗಳು ಕೂಡಿ ಬಾಳುವಾಗ ಹುಟ್ಟುವ ನಿಕಟ ಎರವು ಇನ್ನೊಂದು. ನಮ್ಮ ವಿಷಯದಲ್ಲಿ ನಡೆದಿರುವ ಚರ್ಚೆಯ ಬಹುಭಾಗ ಈ ವಿಂಗಡಣೆಯ ಸುತ್ತಲೇ ತಿರುಗುತ್ತಿದೆ. 1953ರಲ್ಲಿ ಉರಿಯೆಲ್ ವೈನ್‌ರೈಕನ ಗ್ರಂಥವು ಭಾಷಾಸಂಪರ್ಕವನ್ನು ದ್ವಿಭಾಷಿಯಾದ ವ್ಯಕ್ತಿಯ ಮನಸ್ಸಿನಲ್ಲಿ ನಡೆಯುವ ವ್ಯಾಪಾರವೆಂದು ನಿರೂಪಿಸಿದ ಮೇಲೆ, ಶಬ್ದಗಳ ಪಟ್ಟಿಯನ್ನು ಮಾತ್ರ ಇಟ್ಟುಕೊಂಡು ವಾದಿಸುವುದು ಕಷ್ಟವಾಯಿತು.

ಮೀನಿನ ಹೆಸರಿನ ಹುಡುಗಿ

ಎಲ್ಲಕ್ಕಿಂತ ಹೆಚ್ಚು ದೂರ ಸಂಚರಿಸಿದ ಶಬ್ದ ‘ಬಾಕ್‌ಫಿಷ್’. ಅಕ್ಷರಶಃ ಅದು ಹುರಿಯುವ ಮೀನು. ಲಕ್ಷಣೆಯಿಂದ ಹದಿನಾಲ್ಕರಿಂದ ಹದಿನೇಳರವರೆಗಿನ, ಇತ್ತ ಮಗುವೂ ಅಲ್ಲದ ಅತ್ತ ಹೆಣ್ಣೂ ಅಲ್ಲದ ಹುಡುಗಿ. ಹದಿನಾಲ್ಕು ವರ್ಷ ಏಳು ವಾರ ತುಂಬಿದೊಡನೆ ಬಾಕ್‌ಫಿಷ್ ಹೊರಗೆ ಬರುತ್ತಾಳೆಂದು ಜರ್ಮನರಲ್ಲಿ ಒಂದು ಪ್ರಾಸಬದ್ಧವಾದ ಗಾದೆಯೇ ಇತ್ತು. ಹದಿನಾರನೆಯ ಶತಮಾನದ ವಿದ್ಯಾರ್ಥಿಭಾಷೆಯಲ್ಲಿ ಇದು ಹೊಸದಾಗಿ ಮೊದಲ ಪದವಿಯನ್ನು ಪಡೆದ ಎಳೆಯನನ್ನು, ಎಂದರೆ ‘ಬಾಕ್ಕಲೌರೆಯುಸ್’ ಎನಿಸಿಕೊಂಡವನನ್ನು, ಗೇಲಿ ಮಾಡುವ ಶ್ಲೇಷೆಯಾಗಿತ್ತೆಂದೂ, ಆಮೇಲೆ ಹುಡುಗಿಯರ ಕಡೆಗೆ ಸರಿಯಿತೆಂದೂ ಒಂದು ಪಕ್ಷ. ಬೇಯಿಸಲು ತೀರ ಸಣ್ಣದಾದ, ಇಡಿಯಾಗಿ ಹುರಿಯಲಷ್ಟೇ ತಕ್ಕ ಮೀನೆಂಬ ಅಡುಗೆಮನೆಯ ಉಪಮಾನವೇ ಮೂಲವೆಂದು ಮತ್ತೊಂದು ಪಕ್ಷ. ಬಲೆಗೆ ಸಿಕ್ಕರೂ ಬೆಳೆಯದ್ದರಿಂದ ಮರಳಿ ನೀರಿಗೆಸೆದ ಮೀನು ಎಂಬ ಮೂರನೆಯ ವಿವರಣೆಯು ಕೇಳಲು ಸೊಗಸಾಗಿದೆ; ಸೊಗಸಾದ ನಿರುಕ್ತಿಗಳನ್ನು ನಂಬುವುದಕ್ಕೆ ಮೊದಲು ಎರಡು ಸಲ ಯೋಚಿಸುವುದೊಳ್ಳೆಯದು.

ಮೂಲವೆಂತಾದರೂ ಇರಲಿ, ಈ ಶಬ್ದಕ್ಕೆ ರೆಕ್ಕೆ ಬಂದುದು ಪುಸ್ತಕಗಳಿಂದ. 1863ರಲ್ಲಿ ಕ್ಲೆಮೆಂಟೀನೆ ಹೆಲ್ಮ್ ಎಂಬ ಲೇಖಕಿಯು ಪುಟ್ಟ ಬಾಕ್‌ಫಿಷಳೊಬ್ಬಳ ಸುಖದುಃಖಗಳನ್ನು ಹೆಸರಿನಲ್ಲಿಯೇ ಹೊತ್ತ ಕಥೆಯೊಂದನ್ನು ಬರೆದಳು. 1885ರಲ್ಲಿ ಎಮ್ಮಿ ಫೊನ್ ರೋಡೆನ್‌ಳ ‘ಟ್ರೋಟ್ಸ್‌ಕೊಪ್ಫ್’ ಎಂಬ, ಹಟಮಾರಿ ಹುಡುಗಿಯೊಬ್ಬಳು ವಸತಿಶಾಲೆಯಲ್ಲಿ ಹದಕ್ಕೆ ಬರುವ ಕಥೆ ಹೊರಬಂದಿತು. ಇವುಗಳ ಹಿಂದೆ ಬಂದ ಹುಡುಗಿಯರ ಕಾದಂಬರಿಗಳ ಸಾಲಿಗೆ ಜರ್ಮನಿಯಲ್ಲಿ ‘ಬಾಕ್‌ಫಿಷ್ ಸಾಹಿತ್ಯ’ವೆಂದೇ ಹೆಸರಾಯಿತು. ಈ ಪುಸ್ತಕಗಳು ಡಚ್ ಭಾಷೆಗೆ ಎಷ್ಟು ಸಹಜವಾಗಿ ಹೊಕ್ಕವೆಂದರೆ, ಆ ಹಟಮಾರಿ ಹುಡುಗಿ ಅಜ್ಜಿಯಾದ ಮೇಲಿನ ಕಥಾಭಾಗವನ್ನು ಬರೆದವಳು ಸ್ಯೂಜ಼ೆ ಲಾ ಶಪೆಲ್-ರೂಬೊಲ್ ಎಂಬ ಡಚ್ ಲೇಖಕಿ. ಅಲ್ಲಿ ‘ಬಾಕ್‌ವಿಸ್’ ಎಂಬ ರೂಪವು ಎರವೆಂದು ಯಾರಿಗೂ ತೋರದಷ್ಟು ಒಗ್ಗಿಹೋಯಿತು. 1919ರಲ್ಲಿ ಆರಂಭವಾದ ಸಿಸ್ಸಿ ಫಾನ್ ಮಾರ್ಕ್ಸ್‌ಫೆಲ್ಟ್‌ಳ ‘ಯೋಪ್ ತೆರ್ ಹೂಲ್’ ಕಥಾಮಾಲೆಯು ಈ ಬಗೆಯ ಪುಸ್ತಕಗಳಿಗೆ ಡಚ್ ನೆಲದಲ್ಲಿಯೇ ಹುಟ್ಟಿದ ಮಾದರಿಯನ್ನು ಒದಗಿಸಿತು. ಅಡಗುಮನೆಯಲ್ಲಿ ದಿನಚರಿ ಬರೆದ ಆ್ಯನ್ ಫ್ರಾಂಕಳಿಗೆ ಈ ಮಾಲೆಯು ಬಹಳ ಪ್ರಿಯವಾಗಿತ್ತು.

ಜರ್ಮನಿಯಲ್ಲಿಯೋ ಎರಡನೆಯ ಮಹಾಯುದ್ಧದ ತರುವಾಯ ‘ಟೀನೇಜರ್’ ಎಂಬ ಅಮೆರಿಕದ ಮಾತು ಬಂದು ಬಾಕ್‌ಫಿಷನ್ನು ಮೂಲೆಗೆ ತಳ್ಳಿತು. ಈಗ ಅಲ್ಲಿನ ಹುಡುಗರಿಗೆ ಆ ಪದ ಕೇಳಿದೊಡನೆ ನೆನಪಾಗುವುದು ಬ್ರೆಡ್ಡಿನ ನಡುವೆ ಇಟ್ಟುಕೊಡುವ ಕರಿದ ಮೀನು. ವೋರ್ಮ್ಸ್ ನಗರದಲ್ಲಿ 1933ರಿಂದ ಆ ಹೆಸರಿನ ಜಾತ್ರೆಯೇ ನಡೆಯುತ್ತಿದೆ. ಅಲ್ಲಿ ಹುಡುಗಿಯ ಅರ್ಥ ಮುಳುಗಿ ಮೀನು ಗೆದ್ದಿದೆ.

ಕೊರತೆಯೋ, ಪ್ರತಿಷ್ಠೆಯೋ?

ಇಂಥ ಶಬ್ದಗಳು ಮನೆ ಬಿಟ್ಟುದೇಕೆಂಬುದಕ್ಕೆ ಉತ್ತರ ಹೇಳುವವರಲ್ಲಿ ಮೊದಲನೆಯ ಪಂಥದವರು ಎರವನ್ನು ಕೊರತೆಯಿಂದ ವಿವರಿಸುತ್ತಾರೆ. ದುಡಿಮೆಗೆ ಹನ್ನೆರಡು ಹದಿಮೂರರಲ್ಲಿಯೇ ಒಪ್ಪಿಸಲ್ಪಡುತ್ತಿದ್ದ ಮಕ್ಕಳಿಗೆ ಈ ನಡುವಣ ವಯಸ್ಸೆಂಬುದೇ ಇರಲಿಲ್ಲ. ಮಧ್ಯಮವರ್ಗವು ಬೆಳೆದು, ಶಾಲೆಯ ವರ್ಷಗಳು ದೀರ್ಘವಾಗಿ, ಹುಡುಗಿಯರು ಹದಿನೇಳು ಹದಿನೆಂಟರವರೆಗೆ ಓದುತ್ತ ಕಾಯುವಂತಾದ ಮೇಲೆ ಆ ಕಾಯುವಿಕೆಗೊಂದು ಹೆಸರು ಬೇಕಾಯಿತು. ಆ ಹೆಸರು ಜರ್ಮನಿನಲ್ಲಿ ಸಿದ್ಧವಾಗಿದ್ದುದರಿಂದ ನೆರೆಯವರು ತೆಗೆದುಕೊಂಡರು, ಇದು ಅವರ ವಾದ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್‌ನು ಕೌಮಾರವನ್ನು ಕುರಿತ ತನ್ನ ಬೃಹದ್ಗ್ರಂಥವನ್ನು ಪ್ರಕಟಿಸಿದ್ದೂ 1904ರಷ್ಟು ಈಚೆಗೆ. ಬಾಲ್ಯವೆಂಬ ಕಲ್ಪನೆಯೇ ಆಧುನಿಕವೆಂದು ವಾದಿಸಿದ ಫ್ರಾನ್ಸಿನ ಫಿಲಿಪ್ ಆರಿಯೆಸನು 1960ರಲ್ಲಿ, ಹೊಸಗಾಲದ ಮೊದಲ ನಿಜವಾದ ಹದಿಹರೆಯದವನು ವಾಗ್ನರನ ಸಂಗೀತನಾಟಕದ ಸೀಗ್‌ಫ್ರೀಡನೆಂದು ಹೇಳಿದನು. ಫ್ರೆಂಚ್ ಇತಿಹಾಸಕಾರನೊಬ್ಬನು ಹರೆಯದ ಆದಿಪುರುಷನನ್ನು ಜರ್ಮನ್ ರಂಗಭೂಮಿಯಲ್ಲಿ ಕಂಡುದು ಈ ಪಂಥಕ್ಕೆ ಅನಿರೀಕ್ಷಿತವಾದ ಬೆಂಬಲವೇ ಸರಿ.

ಆದರೆ ಕೊರತೆಯ ವಾದವು ಒಂದು ಎಡರನ್ನು ದಾಟಲಾರದು. ಎರವು ಪಡೆದ ಭಾಷೆಗಳಲ್ಲಿ ಅದೇ ವಯಸ್ಸಿಗೆ ಸ್ವಂತದ ಮಾತುಗಳು ಇದ್ದೇ ಇದ್ದವು. ಹಂಗೇರಿಯನ್ನಿನಲ್ಲಿ ಅರೆಬೆಳೆದ ಹಂದಿಮರಿಯ ಹೆಸರಿನಿಂದ ಬಂದ ‘ಶುಲ್ದೋ ಲಾನ್ಯ್’ ಉಂಟು. ಪೋಲಿಷ್ ಭಾಷೆಯವರು ಹಾರಲು ಕಲಿಯುತ್ತಿರುವ ಹಕ್ಕಿಮರಿಯ ಹೆಸರಾದ ‘ಪೊದ್‌ಲೊತೆಕ್’ ಎಂಬುದನ್ನು ಹುಡುಗಿಗೂ ಸಲ್ಲಿಸಿದರು. ಇಂಗ್ಲಿಷಿನ ‘ಫ್ಲಾಪರ್’ ಎಂಬುದಕ್ಕೂ ರೆಕ್ಕೆ ಬಡಿಯುವ ಮರಿಹಕ್ಕಿಯೆಂಬ ಅರ್ಥವಿತ್ತು. ಅರೆಬೆಳೆದ ಪ್ರಾಣಿಯನ್ನು ಕಂಡಾಗ ಅರೆಬೆಳೆದ ಮನುಷ್ಯನು ನೆನಪಾಗುವುದು ಎಲ್ಲೆಲ್ಲಿಯೂ ಉಂಟೆಂಬುದಕ್ಕೆ ನಮ್ಮವರು ಕರು ಹಾಕದ ಎಳೆಯ ಹಸು ಎಮ್ಮೆಗಳಿಗೆ ಸಲ್ಲುವ ‘ಪಡ್ಡೆ’ಯನ್ನು ಹುಡುಗರಿಗೂ ಅಂಟಿಸಿ ‘ಪಡ್ಡೆ ಹುಡುಗರು’ ಎನ್ನುವುದೇ ಸಾಕ್ಷಿ. ಹೆಣ್ಣುಕರುವಿನ ಹೆಸರು ಗಂಡುಹುಡುಗರಿಗೆ ಹೇಗೆ ಬಂದಿತೆಂದು ಯಾರೂ ಕೇಳಿದಂತಿಲ್ಲ. ಹೀಗೆ ಉಪಮಾನವು ಮನೆಯಲ್ಲಿಯೇ ದೊರೆಯುತ್ತಿದ್ದಾಗ ಪರದೇಶದ ಮೀನಿಗೇಕೆ ಕೈ ಚಾಚಬೇಕು?

ಇದಕ್ಕೆ ಉತ್ತರವಾಗಿ ಹುಟ್ಟಿದ್ದು ಪ್ರತಿಷ್ಠೆಯ ವಾದ. ಪೆಸ್ಟ್ ಮತ್ತು ಬುಡ ಎಂಬ ಅವಳಿ ಊರುಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೂ ಪೇಟೆಯ ಭಾಷೆ ಬಹುಮಟ್ಟಿಗೆ ಜರ್ಮನ್ನೇ ಆಗಿತ್ತು. 1873ರಲ್ಲಿ ಅವು ಬುಡಪೆಸ್ಟ್ ಎಂದು ಒಂದಾದ ಮೇಲೆ ಹಂಗೇರಿಯನ್ ಬೇಗ ಬೇಗನೆ ಮೇಲುಗೈ ಪಡೆದರೂ, ಅನುಕೂಲಸ್ಥರ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳಲು ‘ಫ್ರಾಯ್ಲೈನ್’ ಎಂಬ ಜರ್ಮನ್ ದಾದಿಯೊಬ್ಬಳನ್ನು ಇಟ್ಟುಕೊಳ್ಳುವ ಪದ್ಧತಿ ಉಳಿಯಿತು. ಹಂದಿಮರಿಯ ಮಾತು ಹಳ್ಳಿಯ ಹುಡುಗಿಗೆ. ಪಿಯಾನೋ ಅಭ್ಯಾಸ ಮಾಡುವ ವಕೀಲರ ಮಗಳಿಗೆ ಬಕ್‌ಫಿಶ್. ಹುಡುಗಿಯ ವಯಸ್ಸಿನೊಡನೆ ಮನೆತನದ ಅಂತಸ್ತನ್ನೂ ಹೇಳಿಬಿಡುವ ಈ ಸೌಕರ್ಯವು ದೇಶೀ ಪದಗಳಿಗಿರಲಿಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಆದರೂ ಪ್ರತಿಷ್ಠೆಯೆಂಬುದು ತುಸು ಸುಲಭವಾದ ವಿವರಣೆ. ಯಾವ ಶಬ್ದವಾದರೂ ಬಂದ ಮೇಲೆ ಅದಕ್ಕೆ ಪ್ರತಿಷ್ಠೆಯಿತ್ತೆಂದು ಹೇಳಬಹುದು, ಬಾರದಿದ್ದರೆ ಇರಲಿಲ್ಲವೆನ್ನಬಹುದು.

ಸಂಸ್ಥೆಯೇ ವಾಹನವೆಂಬ ಪಕ್ಷ

ಮೂರನೆಯ ಪಂಥವು ಶಬ್ದದ ಹಿಂದಿರುವ ಸಂಸ್ಥೆಯನ್ನು ನೋಡೆನ್ನುತ್ತದೆ. ‘ಬುರ್ಶ’ ಎಂಬುದನ್ನು ತೆಗೆದುಕೊಳ್ಳಿ. ಲ್ಯಾಟಿನ್ನಿನ ‘ಬುರ್ಸ’, ಎಂದರೆ ಹಣದ ಚೀಲ. ಒಂದೇ ಚೀಲದಿಂದ ಊಟ ಮಾಡಿ ಒಂದೇ ಮನೆಯಲ್ಲಿ ವಾಸಿಸಿದ ವಿದ್ಯಾರ್ಥಿಸಮೂಹಕ್ಕೆ ಆ ಹೆಸರು ಬಂದು, ಆಮೇಲೆ ಸಮೂಹದಿಂದ ವ್ಯಕ್ತಿಗೆ ಇಳಿಯಿತು. 1815ರಲ್ಲಿ ಯೇನಾದಲ್ಲಿ ವಿದ್ಯಾರ್ಥಿಗಳು ‘ಬುರ್ಶೆನ್‌ಶಾಫ್ಟ್’ ಎಂಬ ಸಂಘವನ್ನು ಕಟ್ಟಿದರು. 1819ರ ಕಾರ್ಲ್ಸ್‌ಬಾಡ್ ನಿರ್ಬಂಧಗಳು ಅದನ್ನು ಹತ್ತಿಕ್ಕಲೆಳಸಿದವು. ಬಾಲ್ಟಿಕ್ ಪ್ರಾಂತದಲ್ಲಿ, ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದರೂ ಜರ್ಮನಿನಲ್ಲಿ ಪಾಠ ನಡೆಯುತ್ತಿದ್ದ, 1802ರಲ್ಲಿ ಮರಳಿ ತೆರೆಯಲ್ಪಟ್ಟ ಡೋರ್ಪಟ್ ವಿಶ್ವವಿದ್ಯಾಲಯದಲ್ಲಿ ಈ ಪದ್ಧತಿಗಳೆಲ್ಲವೂ ಬೇರೂರಿದವು. ರಷ್ಯನ್ನಿನಲ್ಲಿ ‘ಬುರ್ಶ್’ ಎಂದರೆ ಜರ್ಮನ್ ರೀತಿಯಲ್ಲಿ ಬಾಳುವ ವಿದ್ಯಾರ್ಥಿ, ಬಿಯರು, ಟೋಪಿ, ಖಡ್ಗದ್ವಂದ್ವ ಮುಂತಾದವುಗಳೊಡನೆ. ಆ ಬಾಳು ಹೋಯಿತು. ಶಬ್ದವು ಇತಿಹಾಸದ ಪುಸ್ತಕಕ್ಕೆ ಸೇರಿತು.

ಈ ಪಂಥಕ್ಕೆ ಅತ್ಯಂತ ಸಮರ್ಥವಾದ ಸಾಕ್ಷ್ಯವು ಜಪಾನಿನಿಂದ ಬರುತ್ತದೆ. ಅಲ್ಲಿ ಜರ್ಮನರು ನೆರೆಯವರಲ್ಲ, ದೊರೆಗಳಲ್ಲ, ಮನೆಯ ದಾದಿಯರೂ ಅಲ್ಲ. ಮೇಜಿ ಸರ್ಕಾರವು 1870ರ ಸುಮಾರಿಗೆ ವೈದ್ಯವಿದ್ಯೆಗೆ ಜರ್ಮನ್ ಮಾದರಿಯನ್ನು ಅಂಗೀಕರಿಸಿ, 1889ರ ರಾಜ್ಯಸಂವಿಧಾನದಲ್ಲಿ ಪ್ರಷ್ಯವನ್ನು ಬಹುಮಟ್ಟಿಗೆ ಅನುಸರಿಸಿದುದರಿಂದ ಆ ಭಾಷೆಯು ವಿದ್ಯೆಯ ಭಾಷೆಯಾಯಿತು. ವಿಶ್ವವಿದ್ಯಾಲಯಕ್ಕೆ ಮೆಟ್ಟಿಲಾದ ‘ಉಚ್ಚ ಶಾಲೆ’ಗಳಲ್ಲಿ ವಿದ್ಯಾರ್ಥಿಗಳನ್ನು ಅವರು ಕಲಿಯುವ ಮೊದಲ ಪರಭಾಷೆಗೆ ಅನುಸಾರವಾಗಿ, ಇಂಗ್ಲಿಷಿಗೆ ಒಂದು, ಜರ್ಮನಿಗೆ ಒಂದು, ಫ್ರೆಂಚಿಗೆ ಒಂದು ಎಂದು ವಿಭಾಗಿಸುತ್ತಿದ್ದರು. ಹದಿನೇಳರಿಂದ ಇಪ್ಪತ್ತರವರೆಗಿನ ಗಂಡುಹುಡುಗರೇ ತುಂಬಿದ್ದ, ಹರಕು ಟೋಪಿ ಮತ್ತು ಮರದ ಪಾದುಕೆಗಳೇ ಹೆಮ್ಮೆಯ ಭೂಷಣಗಳಾಗಿದ್ದ ಆ ವಸತಿನಿಲಯಗಳಲ್ಲಿ ಜರ್ಮನ್ ವ್ಯಾಕರಣದ ಜೊತೆಗೆ ಒಂದು ಗುಪ್ತಭಾಷೆಯೂ ಬೆಳೆಯಿತು. ಹುಡುಗಿಯೆಂದರೆ ಮೆಚ್ಚೆನ್, ಚೆಲುವೆಯಾದರೆ, ‘ಷೋನ್’ ಎಂಬುದರಿಂದ ಬಂದ ‘ಷಾನ್’, ಹಿಂದಿನಿಂದ ನೋಡಿದರೆ ಮಾತ್ರ ಚೆಲುವೆಯೆನಿಸುವವಳು, ಇಂಗ್ಲಿಷಿನ ‘ಬ್ಯಾಕ್’ ಸೇರಿ, ‘ಬಾಕ್ಕು-ಷಾನ್’, ಹಣಕ್ಕೆ ‘ಗೆರು’, ಒಂದೇ ತರಗತಿಯಲ್ಲಿ ಎರಡನೆಯ ವರ್ಷವೂ ಕೂರುವುದಕ್ಕೆ, ಇಮ್ಮಡಿಯೆಂಬ ಅರ್ಥದ ಜರ್ಮನ್ ಶಬ್ದಕ್ಕೆ ಜಪಾನೀ ಕ್ರಿಯಾಪ್ರತ್ಯಯವನ್ನು ಹಚ್ಚಿದ ‘ಡೊಪ್ಪೆರು’. ಅವರು ಹಾಡುತ್ತಿದ್ದ ‘ದೆಕನ್‌ಶೊ’ ಎಂಬ ಪದಕ್ಕೆ ದೆಕಾರ್ತ್, ಕಾಂಟ್, ಶೋಪೆನ್‌ಹೌವರ್ ಎಂಬ ಮೂವರ ಮೊದಲಕ್ಷರಗಳೆಂದು ವ್ಯಾಖ್ಯಾನ ಹೇಳುತ್ತಿದ್ದರು; ವಸ್ತುತಃ ಅದು ಸಸಯಾಮ ಪ್ರಾಂತದ ಹಳ್ಳಿಗರ ಕುಣಿತದ ಹಾಡಿನ ಪಲ್ಲವಿ. ಹುಡುಗರ ಪಾಂಡಿತ್ಯಕ್ಕೆ ಇಷ್ಟು ಸ್ವಾತಂತ್ರ್ಯವನ್ನು ಕೊಡಲೇಬೇಕು.

1950ರಲ್ಲಿ ಆ ಶಾಲೆಗಳು ರದ್ದಾದವು. ಮೆಚ್ಚೆನ್, ಷಾನ್ ಎಂಬಿವು ತಾತಂದಿರ ಮಾತಾಗಿಬಿಟ್ಟವು. ಆದರೆ ಅದೇ ಗುಂಪಿನ ‘ಅರುಬೈಟೊ’, ಜರ್ಮನಿನಲ್ಲಿ ಕೆಲಸವೆಂಬಷ್ಟೇ ಅರ್ಥವುಳ್ಳದ್ದು, ವಿದ್ಯಾರ್ಥಿಯು ಬಿಡುವಿನಲ್ಲಿ ಮಾಡುವ ಬಿಡಿಗೆಲಸಕ್ಕೆ ಹೆಸರಾಗಿ, ಆ ಬಗೆಯ ಕೆಲಸವು ಯುದ್ಧಾನಂತರ ಎಲ್ಲೆಡೆ ಹರಡಿದ ಕಾರಣ ‘ಬೈಟೊ’ ಎಂಬ ಮೊಟಕು ರೂಪದಲ್ಲಿ ಇಂದಿಗೂ ಯುವಕರ ಬಾಯಲ್ಲಿದೆ, ಕೊರಿಯಕ್ಕೂ ಹೋಗಿದೆ. ‘ವಾಂಡರ್‌ಫೋಗೆಲ್’ ಎಂಬುದರ ವೃತ್ತಾಂತವೂ ಹೀಗೆಯೇ. 1901ರಲ್ಲಿ ಬರ್ಲಿನ್ನಿನ ಬಳಿಯ ಶ್ಟೇಗ್ಲಿಟ್ಸ್‌ನಲ್ಲಿ ಶಾಲಾಹುಡುಗರ ಅಲೆದಾಟದ ಸಂಘವಾಗಿ ನೋಂದಣಿಯಾದ ಈ ‘ಸಂಚಾರಿ ಹಕ್ಕಿ’ಗಳ ಚಳವಳಿಯ ಪರಂಪರೆಯನ್ನು ನಾತ್ಸಿ ಆಡಳಿತವು 1933ರಲ್ಲಿ ಮುರಿದುಹಾಕಿತು, ಹೆಚ್ಚುಕಡಿಮೆ ಅದೇ ದಶಕದಲ್ಲಿ ಜಪಾನಿನ ವಿಶ್ವವಿದ್ಯಾಲಯಗಳಲ್ಲಿ ಅದೇ ಹೆಸರಿನ ಬೆಟ್ಟದ ನಡಿಗೆಯ ಕೂಟಗಳು ಹುಟ್ಟಿದವು. ‘ವಂಗೆರು’ ಎಂಬ ಮೊಟಕು ಹೆಸರಿನಿಂದ ಅವು ಇನ್ನೂ ನಡೆಯುತ್ತಿವೆ. ಸಂಸ್ಥೆ ಬದುಕಿದರೆ ಶಬ್ದ ಬದುಕುತ್ತದೆ, ಸಂಸ್ಥೆ ಸತ್ತರೆ ಶಬ್ದಕ್ಕೆ ನರೆ ಬರುತ್ತದೆ ಎಂಬ ಸೂತ್ರಕ್ಕೆ ಇದಕ್ಕಿಂತ ಒಪ್ಪುವ ನಿದರ್ಶನ ಸಿಕ್ಕದು. ನನ್ನ ಒಲವೂ ಈ ಪಕ್ಷದ ಕಡೆಗೇ.

ಇದೇ ಸೂತ್ರವನ್ನು ನಮ್ಮ ನೆಲದಲ್ಲಿಯೂ ಒರೆಗೆ ಹಚ್ಚಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ಅನೇಕರ ತಾಯ್ನುಡಿ ಜರ್ಮನ್. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗನೂ, 1894ರಲ್ಲಿ ಕನ್ನಡಕ್ಕೆ ಮಹಾಕೋಶವನ್ನಿತ್ತ ಕಿಟ್ಟೆಲನೂ ಜರ್ಮನರು. ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳ ಮೂಲಕ ಪೀಳಿಗೆಗಳುದ್ದಕ್ಕೂ ಸಂಪರ್ಕವಿದ್ದರೂ ಬಾಕ್‌ಫಿಷ್ ಇಲ್ಲಿ ಈಜಿ ಬರಲಿಲ್ಲ, ಬುರ್ಶನೂ ಬರಲಿಲ್ಲ. ಏಕೆಂದರೆ ಆ ಪಾದ್ರಿಗಳು ತಮ್ಮ ಶಾಲೆಗಳನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ನಡೆಯಿಸಿದರು. ಎಳೆಯರಿಗೆ ಸಂಬಂಧಿಸಿದ ಒಂದೇ ಒಂದು ಜರ್ಮನ್ ಮಾತು ನಮ್ಮಲ್ಲಿ ಮನೆಮಾತಾಗಿದೆ: ಫ್ರೋಬೆಲನು 1840ರಲ್ಲಿ ಹೆಸರಿಟ್ಟ ಕಿಂಡರ್‌ಗಾರ್ಟನ್. ಅದೂ ಇಂಗ್ಲಿಷಿನ ಮೂಲಕ ಬಂದುದು, ಶಾಲೆಯೊಡನೆಯೇ ಬಂದುದು. ಎಲ್‌ಕೆಜಿ, ಯುಕೆಜಿ ಎಂಬ ಅಕ್ಷರಗಳ ಹಿಂದೆ ಅದು ಅಡಗಿರುವುದರಿಂದ ಯಾರಿಗೂ ಜರ್ಮನ್ ಎಂದು ತೋಚುವುದಿಲ್ಲ.

ಅಂಚಿನ ಸೀಮೆಗಳ ವಾದ

ಇಟಲಿಯ ಮತ್ತೇಯೊ ಬಾರ್ತೊಲಿಯು 1925ರಲ್ಲಿ ಮಂಡಿಸಿದ ತತ್ತ್ವವೊಂದರ ಪ್ರಕಾರ, ಹೊಸ ರೂಪಗಳು ಕೇಂದ್ರದಲ್ಲಿ ಹುಟ್ಟಿ ಹಬ್ಬುತ್ತಿರುವಾಗ ಹಳೆಯವು ಅಂಚಿನ ಸೀಮೆಗಳಲ್ಲಿ ಉಳಿದುಕೊಳ್ಳುತ್ತವೆ. ಬಾರ್ತೊಲಿ ಇದನ್ನು ರೋಮಾನ್ಸ್ ಭಾಷೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದನಾದರೂ ಫ್ರಾಯ್ಲೈನ್ ಎಂಬ ಶಬ್ದದ ಕಥೆಗೆ ಅದು ಚೆನ್ನಾಗಿ ಒಪ್ಪುತ್ತದೆ. ಪಶ್ಚಿಮ ಜರ್ಮನಿಯ ಸರ್ಕಾರವು 1972ರಲ್ಲಿ ಅವಿವಾಹಿತೆಯನ್ನು ಸೂಚಿಸುವ ಈ ಸಂಬೋಧನೆಯನ್ನು ಕಚೇರಿಯ ವ್ಯವಹಾರದಿಂದ ತೆಗೆದುಹಾಕಿತು. ಆದರೆ ಎಸ್ಟೋನಿಯದಲ್ಲಿ ‘ಪ್ರೇಯ್ಲಿ’ ಉಳಿದಿದೆ. ವೊಯ್ವೊದಿನದಲ್ಲಿ ಅಲಂಕಾರಪ್ರಿಯಳಾದ ಪಟ್ಟಣದ ಹುಡುಗಿಯನ್ನು ನಗೆಯಾಡುತ್ತ ಫ್ರಾಯ್ಲ ಎನ್ನುತ್ತಾರೆ. ರಷ್ಯದಲ್ಲಿ ‘ಫ್ರೇಯ್ಲಿನ’ ಎಂದು ಅರಮನೆಯ ಪರಿಚಾರಿಕೆಯರ ಪದವಿಯಾಗಿ ಏರಿ, ಅರಮನೆಯೊಡನೆಯೇ ಅಸ್ತವಾಯಿತು. ಕೆಳಜರ್ಮನಿನಿಂದ ಮಧ್ಯಯುಗದಲ್ಲಿಯೇ ಬಂದ ಸ್ವೀಡನ್ನಿನ ‘ಫ್ರೋಕೆನ್’ ಇನ್ನೂ ವಿಚಿತ್ರ: ಕುಮಾರಿಯೆಂಬ ಅರ್ಥ ಹಳತಾದರೂ ಎಳೆಯ ಮಕ್ಕಳು ತಮ್ಮ ಉಪಾಧ್ಯಾಯಿನಿಯನ್ನು, ಆಕೆಗೆ ಐವತ್ತಾಗಿ ಮೊಮ್ಮಕ್ಕಳಿದ್ದರೂ, ಫ್ರೋಕೆನ್ ಎಂದೇ ಕರೆದು ರೂಢಿ. ಶಬ್ದವು ಉಳಿದುಕೊಂಡ ಎಡೆಗಳಲ್ಲಿ ಹೆಚ್ಚಿನವುಗಳಲ್ಲಿ ಅರ್ಥವು ಕದಲಿದೆ. ಉಳಿಯುವುದೂ ಕದಲುವುದೂ ಒಂದೇ ನಾಣ್ಯದ ಎರಡು ಮುಖಗಳಿರಬೇಕು.

ನಿರ್ಣಯವಾಗದೆ ಉಳಿದುವು

ಸಂಸ್ಥೆಯ ಪಕ್ಷವನ್ನು ಹಿಡಿದವರಿಗೆ ಎದುರಾಗುವ ಮೊದಲ ತೊಡಕು ‘ಫ್ರಾಯೆರ್’. ವರನಾಗಲು ಬಯಸಿ ಬಂದವನೆಂಬ ಅರ್ಥದ ಜರ್ಮನ್ ‘ಫ್ರೈಯರ್’ನಿಂದ ಇದು ಬಂದಿತೆಂಬುದು ಬಹುಮತ. ಸ್ಲೊವಾಕಿನಲ್ಲಿ ಇನಿಯ, ಚೆಕ್ಕಿನಲ್ಲಿ ಠೀವಿಯ ಗಂಡು, ಪೋಲಿಷಿನಲ್ಲಿ ಸುಲಭವಾಗಿ ಮೋಸಹೋಗುವ ಮಂಕ, ರಷ್ಯದ ಕಳ್ಳರ ಭಾಷೆಯಲ್ಲಿ ತಮ್ಮ ಕೂಟಕ್ಕೆ ಸೇರದ ಹೊರಗಿನವನು, ಅಲ್ಲಿಂದ ಇಸ್ರೇಲಿನ ಹೀಬ್ರೂವಿನಲ್ಲಿ ಮತ್ತೆ ಮಂಕ: ಇಷ್ಟು ಅರ್ಥಗಳಲ್ಲಿ ಇದು ಇಂದಿಗೂ ತಾಜಾ ಆಗಿದೆ. ಜರ್ಮನಿನಲ್ಲಿಯೋ ಈಗ ವೇಶ್ಯೆಯ ಗಿರಾಕಿಗೆ ಆ ಹೆಸರು. ಯಾವ ಶಾಲೆಯೂ ಸಂಘವೂ ಇದನ್ನು ಹೊತ್ತು ತಂದಿಲ್ಲ. ರಷ್ಯನ್ ರೂಪವು ಯಿದ್ದಿಶ್ ಮೂಲಕ, ಸ್ವತಂತ್ರನೆಂಬ ಅರ್ಥದ ‘ಫ್ರೈ’ಯಿಂದ ಬಂದಿರಬಹುದೆಂಬ ಇನ್ನೊಂದು ಮತವೂ ಇರುವುದರಿಂದ, ಒಂದೇ ವೇಷದಲ್ಲಿ ಎರಡು ಶಬ್ದಗಳು ಬೆರೆತಿವೆಯೇ ಎಂಬುದೂ ತೀರ್ಮಾನವಾಗಿಲ್ಲ. ಬವೇರಿಯದ ಆಡುಮಾತಿನಿಂದ ಬಂದುದೆಂದು ಎಣಿಸಲಾಗುವ, ಹುಡುಗನೆಂಬ ಅರ್ಥದ ಹಂಗೇರಿಯ ‘ಸ್ರಾತ್ಸ್’ ಕೂಡ ಮುಪ್ಪಾಗಿಲ್ಲ. 1956ರ ದಂಗೆಯಲ್ಲಿ ಟ್ಯಾಂಕುಗಳ ಮುಂದೆ ನಿಂತ ಪೆಸ್ಟ್ ನಗರದ ಹುಡುಗರಿಗೆ ಆ ಹೆಸರು ಗೌರವದ ಬಿರುದೇ ಆಯಿತು. ಬೀದಿಯಿಂದ ಬಂದ ಮಾತಿಗೆ ಆಯುಸ್ಸು ಹೆಚ್ಚು, ಪುಸ್ತಕದಿಂದ ಬಂದುದಕ್ಕೆ ಕಡಿಮೆ ಎಂದು ಹೇಳಿಬಿಡಬಹುದಾಗಿತ್ತು, ಬಾಕ್‌ವಿಸ್ ಹಾಲೆಂಡಿನಲ್ಲಿ ಕೊಂಕುನುಡಿಯಾಗಿಯಾದರೂ ಇನ್ನೂ ಉಸಿರಾಡುತ್ತಿರದಿದ್ದರೆ.

ಬಾಕ್‌ವಿಸ್ಸನ್ನು ಎರವೆಂದು ಕರೆಯುವುದೇ ಸರಿಯೆ ಎಂಬುದೂ ವಾದಗ್ರಸ್ತ. ಅದರ ಎರಡು ತುಂಡುಗಳೂ ಅಚ್ಚ ಡಚ್ ಶಬ್ದಗಳು. ಭಾವ ಮಾತ್ರ ಜರ್ಮನ್. ಸೋದರಭಾಷೆಗಳ ನಡುವೆ ಎರವಿಗೂ ಅನುವಾದಕ್ಕೂ ಗೆರೆ ಎಳೆಯುವುದು ಸುಲಭವಲ್ಲ. ಇನ್ನು ಹಳತಾಯಿತೆಂಬ ತೀರ್ಪನ್ನು ಕೊಡುವವರು ಯಾರು? ಕೋಶಕಾರರು ಹಚ್ಚುವ ಚೀಟಿಯನ್ನೇ ನಾವು ಪ್ರಮಾಣವೆಂದು ನಂಬುತ್ತಿದ್ದೇವೆ. ಒಂದು ಮಾತು ಬಾಯಿಂದ ಜಾರಿದ ಎಷ್ಟು ಕಾಲದ ಮೇಲೆ ಅವರಿಗೆ ಆ ಸುದ್ದಿ ಮುಟ್ಟುತ್ತದೆಂಬುದು ಭಾಷೆಭಾಷೆಗೂ ಬೇರೆ.

ಎಲ್ಲಕ್ಕೂ ಮಿಗಿಲಾದ ಪ್ರಶ್ನೆ, ಹುಡುಗಿಯರ ಹೆಸರುಗಳೇ ಮೊದಲು ಮುಪ್ಪಾದುದು ಏಕೆ ಎಂಬುದು. ಬುರ್ಶನು ತನ್ನನ್ನು ತಾನೇ ಬುರ್ಶನೆಂದು ಕರೆದುಕೊಂಡನು; ವಾಂಡರ್‌ಫೋಗೆಲ್ ಹುಡುಗರು ತಮ್ಮ ಹೆಸರನ್ನು ಪಟದ ಮೇಲೆ ಬರೆದು ಮೆರೆಯಿಸಿದರು. ಬಾಕ್‌ಫಿಷ್, ಮೆಚ್ಚೆನ್, ಫ್ರಾಯ್ಲ ಎಂಬುವಾದರೋ ಮತ್ತೊಬ್ಬರು ಇಟ್ಟ ಹೆಸರುಗಳು. ಹೊರಗಿನಿಂದ ಬಿದ್ದ ಹೆಸರು ಬೇಗ ಕಳಚುತ್ತದೆಂದು ಊಹಿಸಬಹುದಾದರೂ, ಆ ಹುಡುಗಿಯರು ತಮ್ಮೊಳಗೆ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರೆಂಬುದಕ್ಕೆ ಅವರ ಪತ್ರಗಳನ್ನೂ ದಿನಚರಿಗಳನ್ನೂ ಭಾಷೆಯಿಂದ ಭಾಷೆಗೆ ಹೋಲಿಸಿ ನೋಡಬೇಕಾಗುತ್ತದೆ. ಈವರೆಗಿನ ವಾದವೆಲ್ಲ ಹೆಚ್ಚಾಗಿ ಕಾದಂಬರಿಗಳ ಸಾಕ್ಷ್ಯವನ್ನು ಅವಲಂಬಿಸಿದೆ. ಆ ಕಾದಂಬರಿಗಳನ್ನು ಬರೆಯುವಾಗಲಾದರೋ 1825ರಲ್ಲಿ ಹುಟ್ಟಿದ ಕ್ಲೆಮೆಂಟೀನೆ ಹೆಲ್ಮ್‌ಳಿಗೆ ಮೂವತ್ತೇಳು ಮೂವತ್ತೆಂಟು, 1829ರಲ್ಲಿ ಹುಟ್ಟಿದ ರೋಡೆನ್‌ಳಿಗೆ ಐವತ್ತು ದಾಟಿತ್ತು.